ಕಾದಂಬಿನಿ ಹೆಸರಿನ ಮುಂದಿನ ಅಕ್ಷರಗಳು

ಕಳೆದ ವರ್ಷ ಅಪ್ಪನ ಮಂಡಿ ಆಪರೇಷನ್ ಕೋಲ್ಕತ್ತದಲ್ಲೇ ಮಾಡಿಸಿದೆವು. ದಾವಣಗೆರೆಯಲ್ಲೂ ಮಾಡಿಸಬಹುದಿತ್ತು, ಆದರೆ ಅಲ್ಲಿ ನೋಡಿಕೊಳ್ಳುವವರು ಯಾರು? ನಾನು ಎಂ.ಟೆಕ್ ಮುಗಿಸಿ ಇಲ್ಲಿನ ಸಾಲ್ಟ್ ಲೇಕ್ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಬರೆಯುವವನು, ರಜೆಯನ್ನು ಎಣಿಸಿ ಎಣಿಸಿ ತೆಗೆದುಕೊಳ್ಳುವವನು.

ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ಬಿಳಿ ಕೋಟಿನ ಹುಡುಗನೊಬ್ಬ ಬರುತ್ತಿದ್ದ. ಹೇಗಿದ್ದೀರಿ ಎಂದು ಕೇಳಿ, ಕೈಯಲ್ಲಿದ್ದ ಟ್ಯಾಬ್‌ನಲ್ಲಿ ಏನೋ ಗುರುತು ಹಾಕಿಕೊಂಡು ಹೋಗುತ್ತಿದ್ದ. ಅಪ್ಪ ತಮ್ಮ ಹರಕು ಮುರುಕು ಹಿಂದಿಯಲ್ಲಿ ಅವನನ್ನು ಡಾಕ್ಟರ್ ಸಾಬ್ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಮೀನಖಂಡ ಊದಿಕೊಂಡಿದೆ, ಬಿಗಿಯುತ್ತಿದೆ ಎಂದು ಅಪ್ಪ ಎರಡು ದಿನ ಅವನಿಗೇ ಹೇಳಿದರು. ಅವನು ತಲೆಯಾಡಿಸಿದ. ಮೂರನೆಯ ದಿನ ಡ್ರೆಸ್ಸಿಂಗ್ ಬದಲಿಸಲು ಬಂದ ನರ್ಸ್ ಕಾಲು ನೋಡಿದವರೇ ಸರ್ಜನ್‌ಗೆ ಫೋನ್ ಮಾಡಿದರು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಸಕಾಲಕ್ಕೆ ಚಿಕಿತ್ಸೆ ಸಿಕ್ಕಿತು, ಅಪ್ಪ ಈಗ ಆರಾಮವಾಗಿದ್ದಾರೆ. ಆ ಹುಡುಗ ಡಾಕ್ಟರಲ್ಲ, ರೋಗಿಗಳ ಊಟ, ಬಿಲ್ಲು, ದೂರು ನೋಡಿಕೊಳ್ಳುವವ ಎಂದು ನಮಗೆ ಗೊತ್ತಾಗಿದ್ದು ಆಮೇಲೆ. ತಾನು ಡಾಕ್ಟರ್ ಎಂದು ಅವನು ಒಂದು ಸಲವೂ ಹೇಳಿರಲಿಲ್ಲ. ಅಲ್ಲ ಎಂದೂ ಹೇಳಿರಲಿಲ್ಲ.

ಅಪ್ಪ ಊರಿಗೆ ಮರಳಿದ ಮೇಲೆ ಒಂದು ಶನಿವಾರ ಕಾಲೇಜ್ ಸ್ಟ್ರೀಟಿಗೆ ಹಳೆಯ ಪುಸ್ತಕ ಹುಡುಕಲು ಹೋಗಿದ್ದೆ. ಅಲ್ಲೇ ಕಲ್ಕತ್ತಾ ಮೆಡಿಕಲ್ ಕಾಲೇಜಿನ ಗೇಟು. ಅದನ್ನು ದಾಟುವಾಗ ಕಾದಂಬಿನಿ ಗಂಗೂಲಿ ನೆನಪಾದರು. 2021ರ ಜುಲೈ 18ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದ್ದಾಗ ಆಫೀಸಿನ ಬಂಗಾಳಿ ಗೆಳೆಯರಿಂದ ಅವರ ಕಥೆ ಕೇಳಿದ್ದೆ. ಆಗ ಒಂದು ಸಾಧನೆಯ ಕಥೆಯಷ್ಟೇ ಅನ್ನಿಸಿತ್ತು. ಅಪ್ಪನ ಆಸ್ಪತ್ರೆಯ ಅನುಭವವಾದ ಮೇಲೆ ಓದಿದಾಗ ಅದು ಬೇರೆಯೇ ಕಂಡಿತು.

ಕಾದಂಬಿನಿ ಹುಟ್ಟಿದ್ದು 1861ರಲ್ಲಿ, ಬಿಹಾರದ ಭಾಗಲ್ಪುರದಲ್ಲಿ. ತಂದೆ ಬ್ರಜಕಿಶೋರ ಬಸು ಶಾಲೆಯ ಹೆಡ್‌ಮಾಸ್ಟರು, ಬ್ರಹ್ಮ ಸಮಾಜದವರು, ಹೆಣ್ಣುಮಕ್ಕಳು ಓದಬೇಕು ಎಂದು ನಂಬಿದವರು. ಮಗಳನ್ನು ಓದಲು ಕಲ್ಕತ್ತೆಗೆ ಕಳಿಸಿದರು. 1878ರಲ್ಲಿ ಕಾದಂಬಿನಿ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಪಾಸಾದರು. ಮುಂದೆ ಓದಲು ಹುಡುಗಿಯರಿಗೆ ಕಾಲೇಜೇ ಇರಲಿಲ್ಲ. ಆಗ ಬೆಥೂನ್ ಶಾಲೆಯಲ್ಲಿ ಈ ಒಬ್ಬ ವಿದ್ಯಾರ್ಥಿನಿಗಾಗಿಯೇ ಕಾಲೇಜು ತರಗತಿ ಶುರುವಾಯಿತು. 1883ರಲ್ಲಿ ಅವರೂ ಚಂದ್ರಮುಖಿ ಬಸು ಅವರೂ ಆ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರರಾದರು.

ಅದೇ ವರ್ಷ ತಮ್ಮ ಗುರು ದ್ವಾರಕಾನಾಥ ಗಂಗೂಲಿಯವರನ್ನು ಮದುವೆಯಾದರು. ದ್ವಾರಕಾನಾಥರು ವಿಧುರರು, ಹದಿನೇಳು ವರ್ಷ ದೊಡ್ಡವರು. ಊರೆಲ್ಲ ಮಾತಾಡಿಕೊಂಡಿತು. ಆದರೆ ಹೆಂಡತಿಗೆ ಮೆಡಿಕಲ್ ಕಾಲೇಜಿನ ಬಾಗಿಲು ತೆರೆಸಲು ಅವರಷ್ಟು ಹೋರಾಡಿದವರು ಇನ್ನೊಬ್ಬರಿಲ್ಲ. ಮದರಾಸಿನಲ್ಲಿ 1875ರಲ್ಲೇ ಹೆಂಗಸರಿಗೆ ವೈದ್ಯಕೀಯ ಓದಲು ಅವಕಾಶ ಸಿಕ್ಕಿತ್ತು. ಕಲ್ಕತ್ತೆಯಲ್ಲಿ ಮೊದಲು ಒಳಗೆ ಹೋದವರು ಕಾದಂಬಿನಿ. ಓದುವಾಗಲೇ ಹೆರಿಗೆಯಾಯಿತು. ಹದಿಮೂರು ದಿನ ಮಾತ್ರ ರಜೆ ಹಾಕಿದ್ದರಂತೆ. ಇದನ್ನು ಕೇಳಿ ಬೆರಗಾಗಿ 1888ರಲ್ಲಿ ತನ್ನ ಪರಿಚಿತರೊಬ್ಬರಿಗೆ ಕಾಗದ ಬರೆದವರು ಫ್ಲಾರೆನ್ಸ್ ನೈಟಿಂಗೇಲ್.

ಇಲ್ಲಿಂದ ಮುಂದಿನದು ಅಕ್ಷರಗಳ ಕಥೆ. ಕೊನೆಯ ಪರೀಕ್ಷೆಯಲ್ಲಿ ಒಂದು ವಿಷಯದಲ್ಲಿ ಕಾದಂಬಿನಿ ಪಾಸಾಗಲಿಲ್ಲ. ಹಾಗಾಗಿ ವಿಶ್ವವಿದ್ಯಾಲಯದ ಎಂ.ಬಿ. ಪದವಿ ಕೈತಪ್ಪಿತು. 1886ರಲ್ಲಿ ಕಾಲೇಜು ಅವರಿಗೆ ಬೇರೊಂದು ಅರ್ಹತೆ ಕೊಟ್ಟಿತು: ಬಂಗಾಳ ಮೆಡಿಕಲ್ ಕಾಲೇಜಿನ ಪದವೀಧರೆ, ಅಂದರೆ ಜಿ.ಬಿ.ಎಂ.ಸಿ. ಅದರ ಬಲದಿಂದ ಅವರು ಚಿಕಿತ್ಸೆ ಕೊಡಬಹುದಿತ್ತು. ಪತ್ರಿಕೆಯಲ್ಲಿ ಒಂದು ಪುಟ್ಟ ಜಾಹೀರಾತು ಹಾಕಿಸಿದರು. ಹೆಸರು ಮಿಸೆಸ್ ಗಂಗೂಲಿ, ಮುಂದೆ ಬಿ.ಎ., ಜಿ.ಬಿ.ಎಂ.ಸಿ., ಆಮೇಲೆ ಮನೆಯ ವಿಳಾಸ. ಎಂ.ಬಿ. ಎಂದು ಬರೆದುಕೊಳ್ಳಲಿಲ್ಲ. ಆ ಕಾಲದ ಎಷ್ಟು ರೋಗಿಗಳಿಗೆ ಈ ಎರಡರ ವ್ಯತ್ಯಾಸ ಗೊತ್ತಿದ್ದೀತು? ಆದರೂ ತಮ್ಮಲ್ಲಿದ್ದದ್ದನ್ನು ಇದ್ದ ಹಾಗೆ ಬರೆದರು.

ಲೇಡಿ ಡಫರಿನ್ ಮಹಿಳಾ ಆಸ್ಪತ್ರೆಯಲ್ಲಿ ತಿಂಗಳಿಗೆ 300 ರೂಪಾಯಿ ಸಂಬಳದ ಕೆಲಸ ಸಿಕ್ಕಿತು. ಅಂದಿಗೆ ಅದು ದೊಡ್ಡ ಮೊತ್ತ. ಮರ್ಯಾದೆ ಮಾತ್ರ ಅಷ್ಟಿರಲಿಲ್ಲ. ವಿಲಾಯತಿ ಪದವಿಯ ಬಿಳಿ ವೈದ್ಯೆಯರು ಮೇಲೆ, ಇವರು ಕೆಳಗೆ. ಊರಿನ ಶ್ರೀಮಂತರ ಮನೆಗಳಲ್ಲಿ ಇನ್ನೊಂದು ಬಗೆ. ಅಂಥ ಒಂದು ಮನೆಗೆ ಹೆರಿಗೆಗೆ ಹೋದಾಗ ಊಟವನ್ನು ವರಾಂಡದಲ್ಲಿ ಬಡಿಸಿ, ಉಂಡ ಜಾಗವನ್ನು ಅವರೇ ಸಾರಿಸಬೇಕು ಎಂದರಂತೆ. ಆ ಮನೆಯವರ ಕಣ್ಣಿಗೆ ಹೆರಿಗೆ ಮಾಡಿಸುವ ಹೆಂಗಸು ಎಂದರೆ ಸೂಲಗಿತ್ತಿ, ಅಷ್ಟೇ.

ಸೂಲಗಿತ್ತಿ ಎನ್ನುವುದು ಬೈಗುಳವಲ್ಲ ಎಂದು ನಮಗೆ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಾವಗಡದ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಗೌರವ ಡಾಕ್ಟರೇಟ್ ಬಂತು, 2018ರಲ್ಲಿ ಪದ್ಮಶ್ರೀಯೂ ಬಂತು. ನಾಡು ಅವರನ್ನು ಇಂದಿಗೂ ಸೂಲಗಿತ್ತಿ ನರಸಮ್ಮ ಎಂದೇ ಪ್ರೀತಿಯಿಂದ ಕರೆಯುತ್ತದೆ. ಆ ಹೆಸರು ಅವರ ಕೆಲಸವನ್ನು ಸರಿಯಾಗಿ ಹೇಳುತ್ತದೆ. ಕಾದಂಬಿನಿಯವರ ಕೆಲಸವನ್ನು ಹೇಳುತ್ತಿರಲಿಲ್ಲ. ಅವರು ಔಷಧ ಬರೆಯಬಲ್ಲವರು, ಶಸ್ತ್ರಚಿಕಿತ್ಸೆ ಮಾಡಬಲ್ಲವರು. ಅದು ತಿಳಿಯದ ಮನೆಯವರು ಹೆರಿಗೆ ಕಷ್ಟವಾದಾಗ ಅವರ ಮಾತಿಗೆ ಎಷ್ಟು ಬೆಲೆ ಕೊಟ್ಟಾರು? ನಷ್ಟವಾಗುವುದು ಮಂಚದ ಮೇಲಿದ್ದ ಬಾಣಂತಿಗೆ.

1891ರಲ್ಲಿ ಬಂಗಬಾಸಿ ಎಂಬ ಸಂಪ್ರದಾಯವಾದಿ ಪತ್ರಿಕೆ ಇನ್ನೂ ಕೆಳಗಿಳಿಯಿತು. ಮನೆಯಿಂದ ಹೊರಗೆ ದುಡಿಯುವ ಈ ಹೆಂಗಸನ್ನು ಸೂಚ್ಯವಾಗಿ ವೇಶ್ಯೆ ಎಂದು ಬರೆಯಿತು. ಗಂಗೂಲಿ ದಂಪತಿ ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. ಸಂಪಾದಕನಿಗೆ ಆರು ತಿಂಗಳ ಜೈಲು, 100 ರೂಪಾಯಿ ದಂಡ ಬಿತ್ತು.

ಆದರೆ ಅರ್ಹತೆಯ ಪ್ರಶ್ನೆ ಕೋರ್ಟಿನಲ್ಲಿ ತೀರುವಂಥದ್ದಲ್ಲ. 1893ರಲ್ಲಿ, ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಕಾದಂಬಿನಿ ಹಡಗು ಹತ್ತಿದರು. ಎಡಿನ್‌ಬರೋದ ಎರಡು ಮತ್ತು ಗ್ಲಾಸ್ಗೋದ ಒಂದು ವೈದ್ಯಸಂಸ್ಥೆ ಸೇರಿ ನಡೆಸುತ್ತಿದ್ದ ಪರೀಕ್ಷೆ ಪಾಸು ಮಾಡಿ ಎಲ್.ಆರ್.ಸಿ.ಪಿ., ಎಲ್.ಆರ್.ಸಿ.ಎಸ್., ಎಲ್.ಎಫ್.ಪಿ.ಎಸ್. ಎಂಬ ಮೂರು ಅರ್ಹತೆಗಳನ್ನು ಒಟ್ಟಿಗೆ ಪಡೆದು ಅದೇ ವರ್ಷ ಮರಳಿದರು. ಹೆಸರಿನ ಮುಂದೆ ಇಲ್ಲದ ಅಕ್ಷರ ಸೇರಿಸಿಕೊಳ್ಳುವುದು ಸುಲಭವಿತ್ತು. ಅವರು ಸಮುದ್ರ ದಾಟಿ ತಂದರು.

ಆಮೇಲೆ ಸ್ವಂತ ಪ್ರಾಕ್ಟೀಸು ಬೆಳೆಯಿತು. ನೇಪಾಳದ ರಾಜಮನೆತನದಿಂದಲೂ ಕರೆ ಬಂತು. ಕುದುರೆಗಾಡಿಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹಾದಿಯಲ್ಲಿ ಲೇಸ್ ಹೆಣೆಯುತ್ತಿದ್ದರಂತೆ. 1923ರ ಅಕ್ಟೋಬರ್ 3ರಂದು, ರೋಗಿಗಳನ್ನು ನೋಡಿ ಮನೆಗೆ ಬಂದ ದಿನವೇ ತೀರಿಕೊಂಡರು.

ಈಗ ಅವರ ಹೆಸರಿಗೆ ಇನ್ನೊಂದು ಪಟ್ಟ ಅಂಟಿಸುತ್ತೇವೆ: ಭಾರತದ ಮೊದಲ ಮಹಿಳಾ ಡಾಕ್ಟರ್. ಅಲ್ಲೂ ಸ್ವಲ್ಪ ಲೆಕ್ಕ ಇಡಬೇಕು. 1886ರಲ್ಲೇ ಆನಂದಿಬಾಯಿ ಜೋಶಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಂ.ಡಿ. ಪಡೆದಿದ್ದರು. ಮರುವರ್ಷವೇ, ಇಪ್ಪತ್ತೊಂದು ತುಂಬಿದ್ದಾಗ, ಕೆಲಸ ಶುರುಮಾಡುವ ಮೊದಲೇ ಪುಣೆಯಲ್ಲಿ ಕ್ಷಯದಿಂದ ತೀರಿಕೊಂಡರು. ಪಾಶ್ಚಾತ್ಯ ವೈದ್ಯ ಕಲಿತು ದೀರ್ಘಕಾಲ ಚಿಕಿತ್ಸೆ ನೀಡಿದ ಮೊದಲಿಗರಲ್ಲಿ ಒಬ್ಬರು ಎಂದರೆ ಕಾದಂಬಿನಿಯವರಿಗೆ ಏನೂ ಕಡಿಮೆಯಾಗದು. ಪಟ್ಟದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದವರ ಬಗ್ಗೆ ನಾವು ಸಡಿಲವಾಗಿ ಮಾತಾಡಬಾರದು.

ಅವರನ್ನು ಜನ ಇರುವುದಕ್ಕಿಂತ ಕಡಿಮೆ ಎಂದುಕೊಂಡರು. ನಮ್ಮ ಟ್ಯಾಬ್ ಹುಡುಗನನ್ನು ನಾವು ಇರುವುದಕ್ಕಿಂತ ಹೆಚ್ಚು ಎಂದುಕೊಂಡೆವು. ನನ್ನ ಈಮೇಲ್ ಸಹಿಯಲ್ಲೂ ಆರ್ಕಿಟೆಕ್ಟ್ ಎಂದಿದೆ, ನಾನು ಒಂದು ಗೋಡೆಯನ್ನೂ ಕಟ್ಟಿಸಿದವನಲ್ಲ. ಅದರಿಂದ ಯಾರ ಕಾಲೂ ಊದುವುದಿಲ್ಲ. ಆಸ್ಪತ್ರೆಯಲ್ಲಿ ಹಾಗಲ್ಲ. ಯಾರಿಗೆ ಏನು ಹೇಳಬೇಕು ಎಂದು ರೋಗಿ ತೀರ್ಮಾನಿಸುವುದೇ ಎದುರಿಗಿರುವವರು ಯಾರು ಎನ್ನುವುದರ ಮೇಲೆ. ಭಾಷೆ ಗೊತ್ತಿಲ್ಲದ ಊರಿನಲ್ಲಂತೂ ಕೋಟಿನ ಬಣ್ಣ ಬಿಟ್ಟರೆ ಅವರಿಗೆ ಬೇರೆ ಗುರುತಿಲ್ಲ.

ಮೊನ್ನೆ ದಾವಣಗೆರೆಯಲ್ಲಿ ಅಪ್ಪ ಚೆಕಪ್‌ಗೆ ಹೋಗಿದ್ದರು. ಕೋಟು ಹಾಕಿಕೊಂಡು ಬಂದವರನ್ನೆಲ್ಲ, ಬೇಜಾರು ಮಾಡ್ಕೋಬೇಡಿ, ನೀವಿಲ್ಲಿ ಏನು ಕೆಲಸ ಮಾಡ್ತೀರಿ ಎಂದು ಕೇಳಿದರಂತೆ. ಅಮ್ಮನಿಗೆ ನಾಚಿಕೆಯಾಯಿತಂತೆ. ಒಬ್ಬ ಹುಡುಗಿ ಮಾತ್ರ ನಕ್ಕು, ಲ್ಯಾಬ್ ಟೆಕ್ನಿಷಿಯನ್, ರಕ್ತ ತಗೊಳ್ಳೋಕೆ ಬಂದಿದ್ದೀನಿ ಅಜ್ಜ ಎಂದಳಂತೆ. ಅಪ್ಪ ಸಮಾಧಾನದಿಂದ ತೋಳು ಮಡಚಿ ಕೈ ಚಾಚಿದರಂತೆ.