ಗಣಿತ ಮಾಸ್ತರರು ಗ್ರಂಥಪಾಲಕರಾದದ್ದು

ಎಸ್. ಆರ್. ರಂಗನಾಥನ್ ಅವರನ್ನು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಎಲ್ಲರೂ ಪರಿಚಯಿಸುತ್ತಾರೆ. ನನಗಂತೂ ಅವರು ಮೊದಲು ನಮ್ಮವರು, ತರಬೇತಿ ಪಡೆದ ಶಿಕ್ಷಕರು. 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿದ ಅವರು ಗಣಿತದಲ್ಲಿ ಎಂ.ಎ. ಮುಗಿಸಿ, ಮದ್ರಾಸಿನ ಸೈದಾಪೇಟೆಯ ಶಿಕ್ಷಕರ ಕಾಲೇಜಿನಲ್ಲಿ ಎಲ್.ಟಿ. ಮಾಡಿದರು. ಅಂದರೆ ಇಂದಿನ ನಮ್ಮ ಬಿ.ಇಡಿ. ಇದ್ದ ಹಾಗೆ. ಮಾತು ತೊದಲುತ್ತಿತ್ತು, ಆದರೂ ಆರಿಸಿಕೊಂಡದ್ದು ಪಾಠ ಹೇಳುವ ಕೆಲಸ. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಮೊದಲ ನೌಕರಿ. ಆಮೇಲೆ ಕೊಯಮತ್ತೂರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು.

1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ವಿದ್ಯಾರ್ಥಿಗಳ ಗದ್ದಲವಿಲ್ಲದ ಆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಕೆಲವೇ ದಿನಗಳಲ್ಲಿ ತರಗತಿಗೆ ಮರಳಿ ಕಳಿಸಿರೆಂದು ಕೇಳಿಕೊಂಡರು. ಲಂಡನ್ನಿಗೆ ಹೋಗಿ ಕಲಿತು ಬಂದ ಮೇಲೂ ಬೇಡವೆನಿಸಿದರೆ ಬಿಟ್ಟುಕೊಡುವುದೆಂದು ಮಾತಾಯಿತು. ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳಿಗೆ ಮಕ್ಕಳು, ದುಡಿಯುವವರು, ಹೆಂಗಸರು ಎಲ್ಲರೂ ಬರುವುದನ್ನು ಕಂಡು ಅವರ ಮನಸ್ಸು ತಿರುಗಿತು. 1925ರಲ್ಲಿ ಮರಳಿದವರು ಮತ್ತೆ ವರ್ಗಾವಣೆ ಕೇಳಲಿಲ್ಲ.

ಅದೇ ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಆಟಿಕೆ ನೋಡಿದರು. ಅವೇ ಬಿಡಿ ತುಂಡುಗಳನ್ನು ಬೇರೆ ಬೇರೆ ರೀತಿ ಜೋಡಿಸಿದರೆ ಬೇರೆ ಬೇರೆ ಯಂತ್ರ. 1933ರ ಕೋಲನ್ ವರ್ಗೀಕರಣ ಹುಟ್ಟಿದ್ದು ಅಲ್ಲಿಂದ. ಇದನ್ನು ಬೋನಾಳದ ಮಕ್ಕಳಿಗೆ ಹೇಳಬೇಕಾದರೆ ಕೆರೆಯನ್ನೇ ತೋರಿಸಬಹುದು. ನಮ್ಮ ಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳ ಮೇಲೆ ಒಂದು ಪುಸ್ತಕವಿದೆ ಎಂದುಕೊಳ್ಳಿ. ಹಕ್ಕಿ ಒಂದು ತುಂಡು, ವಲಸೆ ಒಂದು, ಊರು ಒಂದು, ಕಾಲ ಒಂದು. ಜೋಡಿಸಿದರೆ ಆ ಪುಸ್ತಕದ ಜಾಗ ಸಿಕ್ಕಿತು. ವಿಷಯವನ್ನು ಬಿಡಿಸಿ ಮತ್ತೆ ಕಟ್ಟುವ ಈ ಕ್ರಮ ಪಾಠಯೋಜನೆ ಬರೆಯುವವರಿಗೆ ಹೊಸದೇನಲ್ಲ.

ಅವರ ಐದು ಸೂತ್ರಗಳ ಪುಸ್ತಕ 1931ರಲ್ಲಿ ಬಂತು. ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದು ಮೊದಲನೆಯದು. ಓದುವವರ ಹೊತ್ತು ಹಾಳಾಗಬಾರದೆಂಬುದು ನಾಲ್ಕನೆಯದು. ಕೇಳಲು ಸರಳ. ಬೋಧನಾಭ್ಯಾಸಕ್ಕೆ ಹೋದ ಶಾಲೆಯೊಂದರಲ್ಲಿ ನಾನು ಕಂಡದ್ದು ಗಾಜಿನ ಅಲಮಾರಿ, ಅದಕ್ಕೆ ಬೀಗ. ಪುಸ್ತಕ ಕಳೆದರೆ ಪಗಾರದಲ್ಲಿ ಹಿಡಿಯುತ್ತಾರೆಂಬ ಅಂಜಿಕೆ ಅಲ್ಲಿನ ಗುರುಗಳದು. ಆ ಅಂಜಿಕೆ ಸುಳ್ಳೆಂದು ನಾನು ಹೇಳಲಾರೆ. ಆದರೆ ರಂಗನಾಥನ್ ಮದ್ರಾಸಿನಲ್ಲಿ ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು, ಗ್ರಂಥಾಲಯ ತೆರೆದಿರುವ ಹೊತ್ತನ್ನೂ ಹೆಚ್ಚಿಸಿದರು. ಅದೇ 1931ರಲ್ಲಿ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಬಂಡಿಯಲ್ಲಿ ಪುಸ್ತಕಗಳು ಹೋದವು.

ಪಾಠ ಹೇಳುವುದನ್ನು ಅವರು ಬಿಟ್ಟದ್ದೇ ಇಲ್ಲ. 1929ರಲ್ಲಿ ಮದ್ರಾಸಿನಲ್ಲಿ ಗ್ರಂಥಪಾಲಕರ ತರಬೇತಿ ಆರಂಭಿಸಿದರು. ಮುಂದೆ ಬನಾರಸ್, ದೆಹಲಿ, ಉಜ್ಜಯಿನಿ. ಬಂದದ್ದನ್ನು ಕೂಡಿಟ್ಟು ಮದ್ರಾಸ್ ವಿಶ್ವವಿದ್ಯಾಲಯಕ್ಕೆ 1 ಲಕ್ಷ ರೂಪಾಯಿ ಕೊಟ್ಟು, ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠ ಮಾಡಿಸಿದರು. 1962ರಲ್ಲಿ, 70ರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರಾದರು. ಅದೇ ವರ್ಷ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಅದರ ಹಿಂದೆಯೂ ಅವರ ದುಡಿಮೆಯಿತ್ತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ನಮ್ಮ ಸುರಪುರ, ಶಹಾಪುರಗಳ ಸಾರ್ವಜನಿಕ ಗ್ರಂಥಾಲಯಗಳು ನಡೆಯುವುದು ಈಗಲೂ ಆ ಕಾಯ್ದೆಯ ಅಡಿಯಲ್ಲೇ.