ಮಹಾಮಹೋಪಾಧ್ಯಾಯ ರುದ್ರಪಟ್ಟಣ ಶಾಮಶಾಸ್ತ್ರಿಗಳು

ಮೌರ್ಯರ ಪಾಠ ಬಂದಾಗ ಕೌಟಿಲ್ಯನ ಅರ್ಥಶಾಸ್ತ್ರದ ಹೆಸರನ್ನು ಹೇಳದ ವಿದ್ಯಾರ್ಥಿ ನಮ್ಮ ಹೊನವಾಡದಲ್ಲಿಯೂ ಇಲ್ಲ, ತಿಕೋಟಾದಲ್ಲಿಯೂ ಇಲ್ಲ. ಪ್ರಶ್ನಪತ್ರಿಕೆಯಲ್ಲಿ ಅದಕ್ಕೆ ಒಂದು ಅಂಕವುಂಟು. ಅಂಕ ದೊರೆತ ಬಳಿಕ ಆ ವಿಷಯ ಅಲ್ಲಿಗೇ ಮುಗಿಯುತ್ತದೆ. ಆದರೆ 1905ಕ್ಕಿಂತ ಹಿಂದಿನ ಯಾವ ಪಾಠಪುಸ್ತಕದಲ್ಲಿಯೂ ಈ ಗ್ರಂಥವನ್ನು ಓದಿ ಬರೆದ ಒಂದು ವಾಕ್ಯವೂ ಇರಲು ಸಾಧ್ಯವಿರಲಿಲ್ಲ. ದಂಡಿ, ಬಾಣ, ಕಾಮಂದಕ ಮೊದಲಾದವರು ಅದನ್ನು ಹೆಸರಿಸಿದ್ದರು. ರಾಷ್ಟ್ರಕೂಟರ ಕಾಲದಲ್ಲಿ ಸೋಮದೇವಸೂರಿಯು ತನ್ನ ನೀತಿವಾಕ್ಯಾಮೃತಕ್ಕೆ ಅದರಿಂದಲೇ ಸಾರವನ್ನು ಹೀರಿಕೊಂಡಿದ್ದನು. ಹೆಸರು ಉಳಿದಿತ್ತು, ಗ್ರಂಥ ಕಣ್ಮರೆಯಾಗಿತ್ತು. ಅದನ್ನು ಮತ್ತೆ ಲೋಕದ ಕೈಗಿತ್ತವರು ಮೈಸೂರಿನ ಒಂದು ಗ್ರಂಥಭಂಡಾರದಲ್ಲಿ ಸೇವೆಗೆ ಸೇರಿದ್ದ ಒಬ್ಬ ಕನ್ನಡಿಗರು.

ಶಾಮಶಾಸ್ತ್ರಿಗಳು 1868ರಲ್ಲಿ ಕಾವೇರಿ ತೀರದ ರುದ್ರಪಟ್ಟಣದಲ್ಲಿ ಜನಿಸಿದರು. ಅದು ಇಂದಿನ ಹಾಸನ ಜಿಲ್ಲೆಗೆ ಸೇರಿದ ಗ್ರಾಮ. ಸಂಗೀತಗಾರರ ಊರೆಂದು ಹೆಸರಾದುದು. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ವಿದ್ವತ್ ಪದವಿಯನ್ನು ಪಡೆದ ಮೇಲೆ ಅವರು ಅಲ್ಲಿಗೇ ನಿಲ್ಲದೆ 1889ರಲ್ಲಿ ಮದರಾಸು ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನೂ ಗಳಿಸಿದರು. ಪಾಠಶಾಲೆಯ ಪಂಡಿತನಿಗೆ ಇಂಗ್ಲಿಷು ಬೇಡವೆಂದೂ ಕಾಲೇಜಿನ ಪದವೀಧರನಿಗೆ ಶಾಸ್ತ್ರ ಬೇಡವೆಂದೂ ತಿಳಿಯಲಾಗುತ್ತಿದ್ದ ಕಾಲವದು. ಎರಡನ್ನೂ ಬಲ್ಲ ಈ ತರುಣ ದಿವಾನ್ ಶೇಷಾದ್ರಿ ಅಯ್ಯರ್ ಅವರ ಗಮನಕ್ಕೆ ಬಂದುದು ಸಹಜ. 1891ರಲ್ಲಿ ಸ್ಥಾಪಿತವಾದ ಮೈಸೂರು ಪ್ರಾಚ್ಯ ಗ್ರಂಥಭಂಡಾರದಲ್ಲಿ ಅವರಿಗೆ ಗ್ರಂಥಪಾಲಕರ ಕೆಲಸ ದೊರೆಯಿತು. ಕನ್ನಡ, ಸಂಸ್ಕೃತ, ಪ್ರಾಕೃತ, ಇಂಗ್ಲಿಷುಗಳ ಜೊತೆಗೆ ಜರ್ಮನ್, ಫ್ರೆಂಚ್ ಭಾಷೆಗಳನ್ನೂ ಅವರು ಅರಿತಿದ್ದರು.

ಗ್ರಂಥಭಂಡಾರದ ಕೆಲಸವೆಂದರೆ ಏನೆಂಬುದನ್ನು ಅದನ್ನು ಮಾಡಿದವರೇ ಬಲ್ಲರು. ಬಂದ ಕಟ್ಟನ್ನು ಬಿಚ್ಚಬೇಕು, ಧೂಳು ಕೊಡವಬೇಕು, ಲಿಪಿಯನ್ನು ಗುರುತಿಸಬೇಕು, ಗರಿಗಳನ್ನು ಎಣಿಸಬೇಕು, ಆದಿ ಅಂತ್ಯಗಳನ್ನು ಓದಿ ಪಟ್ಟಿಗೆ ಸೇರಿಸಬೇಕು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥ ಲಿಪಿಯಲ್ಲಿದ್ದ ಒಂದು ತಾಳೆಗರಿಯ ಕಟ್ಟನ್ನು ಈ ಭಂಡಾರಕ್ಕೆ ಒಪ್ಪಿಸಿದರು. ಅದರೊಡನೆ ಭಟ್ಟಸ್ವಾಮಿಯ ಅಪೂರ್ಣ ವ್ಯಾಖ್ಯಾನವೂ ಇತ್ತು. ಆ ಪಂಡಿತರ ಹೆಸರು ಇತಿಹಾಸದಲ್ಲಿ ಉಳಿದಿಲ್ಲ. ಇಂಥ ದಾನಿಗಳ ವಿಷಯದಲ್ಲಿ ನಾವು ಕೃಪಣರು. ಕಟ್ಟನ್ನು ಓದಿದ ಶಾಸ್ತ್ರಿಗಳಿಗೆ ಅದು 15 ಅಧಿಕರಣ, 150 ಅಧ್ಯಾಯ, 180 ಪ್ರಕರಣಗಳ ಸಮಗ್ರ ಅರ್ಥಶಾಸ್ತ್ರವೆಂಬುದು ತಿಳಿಯಿತು. 1905ರಲ್ಲಿಯೇ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಚಾಣಕ್ಯನ ಭೂಮಿ ಮತ್ತು ಕಂದಾಯ ನೀತಿಯನ್ನು ಕುರಿತು ಅವರ ಲೇಖನ ಪ್ರಕಟವಾಯಿತು. 1909ರಲ್ಲಿ ಮೂಲಪಾಠವೂ 1915ರಲ್ಲಿ ಪೂರ್ಣ ಇಂಗ್ಲಿಷು ಅನುವಾದವೂ ಅಚ್ಚಾದವು.

ಇದರ ಮಹತ್ವವನ್ನರಿಯಲು ಅಂದಿನ ಆಳರಸರ ಇತಿಹಾಸಲೇಖನವನ್ನು ನೆನೆಯಬೇಕು. ಜೇಮ್ಸ್ ಮಿಲ್ ಎಂಬಾತನು ಭಾರತಕ್ಕೆ ಒಮ್ಮೆಯೂ ಬಾರದೆ, ಇಲ್ಲಿಯ ಭಾಷೆಗಳನ್ನು ಕಲಿಯದೆ 1817ರಲ್ಲಿ ಇಲ್ಲಿಯ ಇತಿಹಾಸವನ್ನು ಬರೆದು, ಹಿಂದೂಗಳ ಆಡಳಿತವೆಂದರೆ ನಿರಂಕುಶತೆಯೊಂದೇ ಎಂದು ತೀರ್ಪಿತ್ತನು. ಭಾರತದ ಮೇಲೆ ಪ್ರೀತಿಯಿದ್ದ ಮ್ಯಾಕ್ಸ್ ಮುಲ್ಲರ್ ಸಹ ಭಾರತೀಯರು ತತ್ತ್ವಚಿಂತಕರೇ ಹೊರತು ಜಗತ್ತಿನ ರಾಜಕೀಯ ಇತಿಹಾಸದಲ್ಲಿ ಅವರಿಗೆ ಸ್ಥಾನವಿಲ್ಲವೆಂದು ನಂಬಿದ್ದರು. ಆಳುವ ವಿದ್ಯೆಯೇ ಇಲ್ಲದ ಜನರನ್ನು ಪರರು ಆಳುವುದು ಧರ್ಮವೆಂಬ ವಾದಕ್ಕೆ ಇದೇ ಅಡಿಗಲ್ಲು. ಅಂಥ ಸಮಯದಲ್ಲಿ ರಾಜ್ಯದ ಸಪ್ತಾಂಗಗಳನ್ನೂ ಕಂದಾಯ, ಗಣಿ, ತೂಕ, ಅಳತೆ, ನ್ಯಾಯ, ಸಂಧಿ, ವಿಗ್ರಹಗಳನ್ನೂ ಬಿಡಿಬಿಡಿಯಾಗಿ ವಿವರಿಸುವ ಗ್ರಂಥವೊಂದು ಮೈಸೂರಿನಿಂದ ಹೊರಬಂದಿತು. ಬಂಗಾಲದ ನರೇಂದ್ರನಾಥ ಲಾಹಾ 1914ರಲ್ಲಿಯೂ ಕಾಶೀಪ್ರಸಾದ ಜಯಸ್ವಾಲರು 1924ರಲ್ಲಿಯೂ ಪ್ರಾಚೀನ ಹಿಂದೂ ರಾಜ್ಯವ್ಯವಸ್ಥೆಯನ್ನು ಕುರಿತು ಪ್ರಕಟಿಸಿದ ಕೃತಿಗಳಿಗೆ ಇದು ಆಧಾರವಾಯಿತು. ಶಾಸ್ತ್ರಿಗಳು ಸ್ವತಃ ಕಲಕತ್ತಾ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸಗಳು ಭಾರತೀಯ ರಾಜ್ಯವ್ಯವಸ್ಥೆಯ ವಿಕಾಸವನ್ನು ಕುರಿತ ಗ್ರಂಥವಾಗಿ 1920ರಲ್ಲಿ ಬಂದವು. ಉತ್ಸಾಹದ ಭರದಲ್ಲಿ ಕೆಲವರು ಕೌಟಿಲ್ಯನಲ್ಲಿ ಆಧುನಿಕ ಸಂವಿಧಾನವನ್ನೇ ಕಂಡುದೂ ಉಂಟು; ಅದು ಅತಿಯಾಯಿತೆಂದು ಹೇಳದೆ ನಿರ್ವಾಹವಿಲ್ಲ.

ನಮ್ಮ ಭಾಗದ ಓದುಗನಿಗೆ ಈ ಗ್ರಂಥ ಎರಡು ಬಗೆಯಾಗಿ ತೋರುತ್ತದೆ. ಉಗ್ರಾಣದ ಮುಂದೆ ಪಾತ್ರೆಯಿಟ್ಟು ಮಳೆಯನ್ನಳೆಯಬೇಕೆಂದೂ ಒಣ ಸೀಮೆಗೆ 16 ದ್ರೋಣ, ನೀರಾವರಿ ಸೀಮೆಗೆ ಅದರ ಒಂದೂವರೆ ಪಟ್ಟು ಮಳೆ ಬೇಕೆಂದೂ ಅದು ಲೆಕ್ಕ ಹೇಳುವಾಗ, ಬರಗಾಲವನ್ನು ಉಂಡವರಿಗೆ ಆ ಗ್ರಂಥಕಾರ ಆಪ್ತನೆನಿಸುತ್ತಾನೆ. ಆದರೆ ತಪಸ್ವಿಗಳ ವೇಷದಲ್ಲಿ ಗೂಢಚಾರರನ್ನಿರಿಸಬೇಕೆಂದು ವಿಧಿಸುವ ಪುಟಗಳು, ಕಾಷಾಯಕ್ಕೆ ಕೈಮುಗಿದು ಬೆಳೆದ ನಮಗೆ ಸಹ್ಯವಾಗುವುದಿಲ್ಲ. ಕೋಶವನ್ನು ಕಾಯುವ ಸನ್ನಿಧಾತೃವಿನ ಕರ್ತವ್ಯಗಳನ್ನು ಓದುವಾಗ ಇದೇ ಜಿಲ್ಲೆಯಲ್ಲಿ ಹುಟ್ಟಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ನೆನಪಾಗುತ್ತಾರೆ. ಅಧಿಕಾರವನ್ನು ಅವರು ಕಂಡ ಬಗೆ ಬೇರೆ. ಶಾಸ್ತ್ರಿಗಳು ಮಾತ್ರ ಸಂಪಾದಕರಾಗಿ ಕಠೋರವಾದುದನ್ನು ಮರೆಮಾಚಲಿಲ್ಲ. ಇದ್ದುದನ್ನು ಇದ್ದಂತೆ ಅನುವಾದಿಸಿದರು.

1915ರ ಅನುವಾದಕ್ಕೆ ಪರಿಚಯದ ನುಡಿಯನ್ನು ಬರೆದವರು ಜೆ. ಎಫ್. ಫ್ಲೀಟ್. ಈ ಹೆಸರು ನಮ್ಮ ಸೀಮೆಗೆ ಹೊಸದಲ್ಲ. ಮುಂಬಯಿ ಸರಕಾರದ ಅಧಿಕಾರಿಯಾಗಿ ಬಂದು, ಅಂದಿನ ಕಲಾದಗಿ ಜಿಲ್ಲೆಗೆ ಸೇರಿದ್ದ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಾಸನಗಳನ್ನು ಓದಿ ಪ್ರಕಟಿಸಿದವರು ಅವರೇ. 1857ರಲ್ಲಿ ಕಂಪನಿ ಸರಕಾರಕ್ಕೆ ಆಯುಧಗಳನ್ನೊಪ್ಪಿಸದೆ ಹೋರಾಡಿದ ಹಲಗಲಿಯ ಬೇಡರ ಲಾವಣಿಯನ್ನು ಸಂಗ್ರಹಿಸಿದವರೂ ಅವರೇ. ದಂಗೆಯನ್ನು ಹತ್ತಿಕ್ಕಿದ ಆಡಳಿತದ ಅಧಿಕಾರಿಯ ಲೇಖನಿಯಿಂದಲೇ ದಂಗೆಯ ಹಾಡೂ ಉಳಿಯಿತು.

ಕೀರ್ತಿಯೊಡನೆ ಆಕ್ಷೇಪಗಳೂ ಬಂದವು. ಯೋಲಿ, ವಿಂಟರ್‌ನಿಟ್ಸ್, ಕೀತ್ ಮೊದಲಾದವರು ಗ್ರಂಥವು ಚಂದ್ರಗುಪ್ತ ಮೌರ್ಯನ ಮಂತ್ರಿಯದಲ್ಲ, ಶತಮಾನಗಳಷ್ಟು ಈಚಿನದೆಂದು ವಾದಿಸಿದರು. ಶಾಸ್ತ್ರಿಗಳು ಮೌರ್ಯಕಾಲದ ಪಕ್ಷವನ್ನೇ ಹಿಡಿದರು. ಗ್ರಂಥವು ಹಲವು ಹಂತಗಳಲ್ಲಿ ಬೆಳೆದು ಕ್ರಿಸ್ತಶಕದ ಆದಿಯ ಶತಮಾನಗಳಲ್ಲಿ ಈಗಿನ ರೂಪಕ್ಕೆ ಬಂದಿತೆಂಬುದು ಈಗಿನ ಅನೇಕ ವಿದ್ವಾಂಸರ ಅಭಿಪ್ರಾಯವಾದುದರಿಂದ, ಆ ವಾದದಲ್ಲಿ ಶಾಸ್ತ್ರಿಗಳು ಪೂರ್ಣವಾಗಿ ಗೆದ್ದರೆನ್ನುವಂತಿಲ್ಲ. ಕೈಯಲ್ಲಿದ್ದ ಅಲ್ಪ ಸಾಮಗ್ರಿಯಿಂದ ಸಿದ್ಧಪಡಿಸಿದ ಪಾಠದಲ್ಲಿ ದೋಷಗಳಿದ್ದವು. ಪಾರಿಭಾಷಿಕ ಪದಗಳಿಗೆ ಅವರು ಕಲ್ಪಿಸಿದ ಅರ್ಥಗಳಲ್ಲಿ ಕೆಲವನ್ನು ತಿರುವನಂತಪುರದ ಗಣಪತಿಶಾಸ್ತ್ರಿಗಳೂ ಅನಂತರ ಮುಂಬಯಿಯ ಕಾಂಗಲೆಯವರೂ ತಿದ್ದಿದರು. ಆದರೆ ಎಲ್ಲ ಸಂದೇಹಗಳೂ ತೀರಲೆಂದು ಶಾಸ್ತ್ರಿಗಳು ಕಾದು ಕುಳಿತಿದ್ದರೆ ತಿದ್ದುವವರ ಕೈಗೆ ತಿದ್ದಲು ಏನಿರುತ್ತಿತ್ತು? ಅವರೂ ಸುಮ್ಮನಿರಲಿಲ್ಲ. ಮೂಲವನ್ನು 1919ರಲ್ಲಿಯೂ 1924ರಲ್ಲಿಯೂ, ಅನುವಾದವನ್ನು 1923ರಲ್ಲಿಯೂ 1929ರಲ್ಲಿಯೂ ಮರಳಿ ಮುದ್ರಣಕ್ಕೆ ಕೊಟ್ಟರು. ಗ್ರಂಥದ ಪದಗಳಿಗೆಲ್ಲ ಅಕಾರಾದಿ ಸೂಚಿಯನ್ನು ಮೂರು ಸಂಪುಟಗಳಲ್ಲಿ ಸಿದ್ಧಪಡಿಸಿದರು. ಯಂತ್ರಗಳ ನೆರವಿಲ್ಲದ ಆ ದಿನಗಳಲ್ಲಿ ಇಂಥ ಸೂಚಿಗೆ ತಗಲಿದ ಶ್ರಮವನ್ನು ಊಹಿಸಿದರೆ, ಗ್ರಂಥವನ್ನು ಕಂಡುಹಿಡಿದುದಕ್ಕಿಂತ ಇದೇ ಹಿರಿದೆಂದು ನನಗೆ ತೋರುತ್ತದೆ.

1912ರಿಂದ 1918ರವರೆಗೆ ಅವರು ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಅನಂತರ ಗ್ರಂಥಭಂಡಾರಕ್ಕೇ ಮರಳಿದರು. ಆರ್. ನರಸಿಂಹಾಚಾರ್ಯರ ತರುವಾಯ ಮೈಸೂರಿನ ಪ್ರಾಕ್ತನ ಸಂಶೋಧನ ಇಲಾಖೆಯ ಮುಖ್ಯಸ್ಥರಾಗಿ ದುಡಿದು 1929ರಲ್ಲಿ ನಿವೃತ್ತರಾದರು. ಕಲಕತ್ತಾ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟನ್ನೂ ಸರಕಾರ ಮಹಾಮಹೋಪಾಧ್ಯಾಯ ಬಿರುದನ್ನೂ ಇತ್ತವು. ನಾಲ್ವಡಿ ಕೃಷ್ಣರಾಜ ಒಡೆಯರು ಜರ್ಮನಿಗೆ ಹೋದಾಗ, ತಾವು ಶಾಮಶಾಸ್ತ್ರಿಗಳ ಮೈಸೂರಿನವರೋ ಎಂದು ಅಲ್ಲಿಯ ವಿದ್ವಾಂಸರು ಅವರನ್ನೇ ವಿಚಾರಿಸಿದರೆಂಬ ಕಥೆಯೊಂದುಂಟು. ಕಥೆ ನಡೆದುದೋ ಕಟ್ಟಿದುದೋ, ಅದನ್ನು ಹೇಳಿಕೊಂಡು ಸುಖಿಸಿದ ಮೈಸೂರಿಗರನ್ನು ತಪ್ಪೆನ್ನಲಾಗದು. ನಿವೃತ್ತಿಯ ಮೇಲೂ ಅವರು ವೇದಾಂಗ ಜ್ಯೋತಿಷದಲ್ಲಿ ಮಗ್ನರಾಗಿ, 1936ರಲ್ಲಿ ಅದರ ಆವೃತ್ತಿಯನ್ನು ಹೊರತಂದರು. 1944ರಲ್ಲಿ ಅವರು ದಿವಂಗತರಾದರು.

ಅವರು ಮೈಸೂರಿನಲ್ಲಿ ತಾಳೆಗರಿಗಳೊಡನೆ ಇದ್ದ ಕಾಲದಲ್ಲಿಯೇ ನಮ್ಮ ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ, ಮಠಮಠ ತಿರುಗಿ ವಚನಗಳ ಕಟ್ಟುಗಳನ್ನು ಕೂಡಿಸುತ್ತಿದ್ದರು. ಅವರ ವಚನಶಾಸ್ತ್ರಸಾರ 1923ರಲ್ಲಿ ಬಂದಿತು. ತಮ್ಮ ಅಟ್ಟದಲ್ಲಿ ಹಳೆಯ ಕಟ್ಟುಗಳಿರುವ ಮನೆತನಗಳು ಈ ಸೀಮೆಯಲ್ಲಿ ಇನ್ನೂ ಇವೆ. ಅವುಗಳನ್ನು ಹಬ್ಬಕ್ಕೊಮ್ಮೆ ಪೂಜಿಸಿ ಮತ್ತೆ ಮೇಲಿಡುವ ರೂಢಿಯುಂಟು. ಬಿಚ್ಚಿ ಓದಿಸುವವರು ವಿರಳ. ತಂಜಾವೂರಿನ ಆ ಅನಾಮಿಕ ಪಂಡಿತರು ಒಪ್ಪಿಸಿದ ಕಟ್ಟನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು ಇಂದಿಗೂ ಕಾಯ್ದಿರಿಸಿದೆ.