ಒಂದೇ ಮೈ, ಎರಡು ದರ್ಜೆಯ ಬ್ರೇಕ್: ಹಗುರ ಕಾರುಗಳ ಕಾಲಿನ್ ಚಾಪ್‌ಮನ್ ಮತ್ತು ರಿಸ್ಕ್‌ನ ಲೆಕ್ಕ

ಕಾರಿನಿಂದ ತೂಕ ಇಳಿಸಿದರೆ ವೇಗ ಹೆಚ್ಚುತ್ತೆ, ಖರ್ಚು ಇಳಿಯುತ್ತೆ. ಆದರೆ ಅಪಾಯ? ಅದು ಮಾಯವಾಗುತ್ತೋ, ಇಲ್ಲಾ ಬೇರೆ ಯಾರದೋ ಹೆಗಲಿಗೆ ಹೋಗುತ್ತೋ? ಲೋಟಸ್ ಕಾರುಗಳ ಜನಕನ ಬದುಕು ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

1956ರಲ್ಲಿ ಲಂಡನ್ನಿನ ಹಾರ್ನ್ಸಿಯಲ್ಲಿ, ಒಂದು ಪಬ್ಬಿನ ಹಿಂದಿದ್ದ ಹಳೇ ಕುದುರೆಲಾಯಗಳ ಜಾಗದಲ್ಲಿ, ಲೋಟಸ್ ಇಲೆವೆನ್ ಅನ್ನೋ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು. ವಿಮಾನ ಕಂಪನಿಯ ಏರೋಡೈನಮಿಕ್ಸ್ ತಜ್ಞ ಫ್ರಾಂಕ್ ಕಾಸ್ಟಿನ್ ರೂಪಿಸಿದ ನಯವಾದ ಅಲ್ಯುಮಿನಿಯಂ ಮೈ. ತೂಕ ಸುಮಾರು 450 ಕಿಲೋ. ಹೊರಗಿನಿಂದ ನೋಡಿದರೆ ಎಲ್ಲಾ ಇಲೆವೆನ್‌ಗಳೂ ಒಂದೇ. ಆದರೆ ಕೊಳ್ಳೋರ ಮುಂದೆ ಮೂರು ವೇರಿಯೆಂಟ್‌ಗಳಿದ್ದವು: ಲ ಮಾನ್, ಕ್ಲಬ್ ಮತ್ತು ಸ್ಪೋರ್ಟ್. ಇವತ್ತಿನ ಶೋರೂಂ ಭಾಷೆಯಲ್ಲಿ ಹೇಳೋದಾದರೆ ಟಾಪ್ ಎಂಡ್, ಮಿಡ್ ಮತ್ತು ಬೇಸ್.

ಲ ಮಾನ್ ಮತ್ತು ಕ್ಲಬ್ ಎರಡಕ್ಕೂ ಕೊವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ 1098 ಸಿಸಿ ಎಂಜಿನ್. ಮೂಲತಃ ಬೆಂಕಿ ಆರಿಸುವ ಪಂಪಿಗೆಂದು ಮಾಡಿದ ಹಗುರ ಎಂಜಿನ್‌ನ ವಂಶದ್ದು ಅದು. ಸ್ಪೋರ್ಟ್‌ಗೆ ಫೋರ್ಡ್‌ನ ಹಳೇ ಮಾದರಿಯ 1172 ಸಿಸಿ ಎಂಜಿನ್. ಆದರೆ ಅಸಲಿ ವ್ಯತ್ಯಾಸ ಇದ್ದದ್ದು ಕಣ್ಣಿಗೆ ಕಾಣದ ಜಾಗದಲ್ಲಿ, ಸಸ್ಪೆನ್ಷನ್ ಮತ್ತು ಬ್ರೇಕ್‌ನಲ್ಲಿ.

ಕ್ಲಬ್ ಮತ್ತು ಸ್ಪೋರ್ಟ್‌ಗೆ ಹಿಂದೆ ಲೈವ್ ಆಕ್ಸಲ್. ಎತ್ತಿನ ಗಾಡಿಯ ಅಚ್ಚನ್ನ ನೆನಪಿಸಿಕೊಳ್ಳಿ: ಒಂದು ಗಾಲಿ ಕಲ್ಲು ಹತ್ತಿದರೆ ಇನ್ನೊಂದೂ ಜೊತೆಗೇ ವಾಲುತ್ತೆ. ಲೈವ್ ಆಕ್ಸಲ್‌ನದ್ದೂ ಇದೇ ಕತೆ. ಸಾಲದ್ದಕ್ಕೆ ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಹಂಚುವ ಭಾರದ ಡಿಫರೆನ್ಷಿಯಲ್ ಕೂಡ ಅಚ್ಚಿನ ಹೊಟ್ಟೆಯಲ್ಲೇ ಇರುತ್ತೆ. ರಸ್ತೆ ಕುಲುಕಿದಷ್ಟೂ ಆ ಭಾರವೆಲ್ಲ ಕುಣಿಯುತ್ತೆ, ಟೈರು ನೆಲದ ಹಿಡಿತ ಬಿಡುತ್ತೆ. ಲ ಮಾನ್ ವೇರಿಯೆಂಟ್‌ಗೆ ಕೊಟ್ಟದ್ದು ಡಿ ಡಿಯಾನ್ ಆಕ್ಸಲ್. ಇದರಲ್ಲಿ ಡಿಫರೆನ್ಷಿಯಲ್ಲನ್ನು ಬಿಚ್ಚಿ ಚಾಸಿಗೆ ಕಟ್ಟುತ್ತಾರೆ. ಎರಡು ಚಕ್ರಗಳ ನಡುವೆ ಉಳಿಯೋದು ಒಂದು ಹಗುರ ಕೊಳವೆ ಮಾತ್ರ. ಹಾಗಾಗಿ ಚಕ್ರ ಬೇಗ ನೆಲಕ್ಕೆ ಮರಳುತ್ತೆ.

ಬ್ರೇಕ್‌ನದ್ದೂ ಇದೇ ಭೇದ. ಕ್ಲಬ್ ಮತ್ತು ಸ್ಪೋರ್ಟ್‌ಗೆ ಡ್ರಮ್. ಮುಚ್ಚಿದ ಡಬ್ಬಿಯೊಳಗೆ ತಿಕ್ಕಾಟ, ಹೊರಹೋಗಲು ದಾರಿಯಿಲ್ಲದ ಶಾಖ, ಮತ್ತೆ ಮತ್ತೆ ಒತ್ತಿದರೆ ಸೋಲುವ ಹಿಡಿತ. ಲ ಮಾನ್‌ಗೆ ಡಿಸ್ಕ್. ತೆರೆದ ಗಾಳಿಯಲ್ಲಿ ತಿರುಗುವ ಬಿಲ್ಲೆಯನ್ನು ಎರಡೂ ಕಡೆಯಿಂದ ಚಿವುಟಿ ಹಿಡಿಯುವ ವ್ಯವಸ್ಥೆ. ಬಿಸಿ ಬೇಗ ಆರುತ್ತೆ, ಗಂಟೆಗಟ್ಟಲೆ ಓಡಿದರೂ ಬ್ರೇಕ್ ಹಿಡಿಯುತ್ತೆ.

ಎಲ್ಲಾ ಬಗೆಯವೂ ಸೇರಿ ತಯಾರಾದದ್ದು ಸುಮಾರು 270 ಕಾರು. ಜಗತ್ತಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಒಂದೇ ಮೈಯೊಳಗೆ ಜೇಬಿಗೆ ತಕ್ಕ ಬ್ರೇಕ್ ಇಟ್ಟು ಮಾರುವ ಈ ಲೆಕ್ಕಾಚಾರವನ್ನು ಅರ್ಥ ಮಾಡಿಕೊಂಡರೆ, ಅದರ ಹಿಂದಿದ್ದ ಮನುಷ್ಯನ ಅರ್ಧ ಬದುಕು ಅರ್ಥವಾದಂತೆ.

25 ಪೌಂಡ್ ಮತ್ತು ಒಂದು ತೆರಿಗೆ ಸಂದು

ಕಾಲಿನ್ ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ. ಆ ಹಾರ್ನ್ಸಿಯ ಪಬ್ ನಡೆಸುತ್ತಿದ್ದದ್ದು ಆತನ ಅಪ್ಪನೇ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಆತ ಓದಿದ್ದು ಕಾರಿನ ಎಂಜಿನಿಯರಿಂಗ್ ಅಲ್ಲ, ಕಟ್ಟಡ ಮತ್ತು ಸೇತುವೆಗಳ ಸ್ಟ್ರಕ್ಚರಲ್ ಎಂಜಿನಿಯರಿಂಗ್. ಜೊತೆಗೆ ವಿಮಾನ ಹಾರಿಸೋದನ್ನೂ ಕಲಿತ. ಕೆಲಕಾಲ ಬ್ರಿಟಿಷ್ ಅಲ್ಯುಮಿನಿಯಂ ಕಂಪನಿಯಲ್ಲಿ ಕೆಲಸ ಮಾಡಿದ. ಸೇತುವೆಯ ತ್ರಿಕೋನ, ವಿಮಾನದ ಹಗುರತನ, ಅಲ್ಯುಮಿನಿಯಂ: ಆತನ ಮುಂದಿನ ಕಾರುಗಳ ಸಾಮಗ್ರಿ ಇಷ್ಟೇ.

1948ರಲ್ಲಿ ಹಳೇ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ ಮೊದಲ ಸ್ಪರ್ಧೆಯ ಕಾರು ಕಟ್ಟಿದ. ಕಟ್ಟಿದ್ದು ಗೆಳತಿ ಹೇಜಲ್ ವಿಲಿಯಮ್ಸ್ ಮನೆಯವರ ಗ್ಯಾರೇಜಿನಲ್ಲಿ. 1952ರಲ್ಲಿ ಲೋಟಸ್ ಎಂಜಿನಿಯರಿಂಗ್ ಶುರುವಾದಾಗ ಬಂಡವಾಳವಾಗಿ ಬಂದದ್ದು ಹೇಜಲ್ ಕೊಟ್ಟ 25 ಪೌಂಡ್. ಆಕೆ ಮುಂದೆ ಆತನ ಹೆಂಡತಿಯಾದಳು, ಕಂಪನಿಯ ವ್ಯವಹಾರವನ್ನೂ ಹೊತ್ತಳು. ಚರಿತ್ರೆ ಬರೆದವರು ಒಬ್ಬ ಗಂಡಸಿನ ಪ್ರತಿಭೆಯನ್ನಷ್ಟೇ ಎತ್ತಿ ಹಿಡಿದರು ಅನ್ನೋದು ಬೇರೆ ಮಾತು.

ಯುದ್ಧಾನಂತರದ ಬ್ರಿಟನ್‌ನಲ್ಲಿ ಹೊಸ ಕಾರಿನ ಮೇಲೆ ಭಾರಿ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳ ಕಿಟ್ ಕೊಂಡು ನೀವೇ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. ಚಾಪ್‌ಮನ್ ಈ ಸಂದನ್ನು ಚೆನ್ನಾಗಿ ಬಳಸಿಕೊಂಡ. 1957ರಲ್ಲಿ ಬಂದ ಲೋಟಸ್ ಸೆವೆನ್ ಇದರ ಅತಿ ದೊಡ್ಡ ಉದಾಹರಣೆ. ಬಾಗಿಲಿಲ್ಲ, ಐಷಾರಾಮಿಯಂತೂ ಇಲ್ಲವೇ ಇಲ್ಲ. ನಾಲ್ಕು ಚಕ್ರ, ಕೊಳವೆಗಳ ಹಂದರ, ಒಂದು ಎಂಜಿನ್. ಕಾರ್ಖಾನೆಯ ಕೆಲಸಗಾರ ಮಾಡಬೇಕಾದ ಜೋಡಣೆಯನ್ನು ಗಿರಾಕಿಯೇ ತನ್ನ ಶೆಡ್ಡಿನಲ್ಲಿ ಮಾಡಿಕೊಳ್ಳಬೇಕು.

ಇಲ್ಲೂ ವೇರಿಯೆಂಟ್ ಆಟ ಇತ್ತು. ಮೊದಲ ಸೀರೀಸ್‌ಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಹಿಂದೆ ಲೈವ್ ಆಕ್ಸಲ್. ಮುಂದೆ ಮಾತ್ರ ಒಂದು ಜಾಣತನ: ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳನ್ನೇ ಮೇಲಿನ ಸಸ್ಪೆನ್ಷನ್ ತೋಳಿನ ಅರ್ಧ ಭಾಗವನ್ನಾಗಿ ಬಳಸಿದ. ಒಂದು ತುಂಡಿಗೆ ಎರಡು ಕೆಲಸ! ಎರಡನೇ ಸೀರೀಸ್‌ನಲ್ಲಿ ಹಿಂದಿನ ಅಚ್ಚನ್ನು ಹಿಡಿಯಲು ಅದರ ಕೆಳಗೆ ಎ ಆಕಾರದ ಒಂದು ಚೌಕಟ್ಟು ಕೊಟ್ಟ. ಇದೂ ಅಗ್ಗ, ಇದೂ ಹಗುರ. ಆದರೆ ಅಷ್ಟು ಬಲ ತಡೆಯಲೆಂದು ಮಾಡಿರದ ಅಚ್ಚಿನ ಕವಚ ಬಾಗಿ ಎಣ್ಣೆ ಸೋರತೊಡಗಿತು. ಮುಂದಿನ ಚಕ್ರಗಳಿಗೆ ಡಿಸ್ಕ್ ಬೇಕೆಂದವರು 1960ರ ದಶಕದ ಶುರುವಿನಲ್ಲಿ ಹೆಚ್ಚು ಶಕ್ತಿಯ ಸೂಪರ್ ಸೆವೆನ್ 1500 ಕೊಳ್ಳಬೇಕಿತ್ತು. ಮುಂದಿನ ಡಿಸ್ಕ್ ಎಲ್ಲರ ಪಾಲಿಗೂ ಬಂದದ್ದು 1968ರ ಮೂರನೇ ಸೀರೀಸ್‌ನಲ್ಲಿ.

ಹಗುರ ಅಂದರೆ ಅಪಾಯವೇ?

ಇಲ್ಲಿ ಚಾಪ್‌ಮನ್‌ಗೆ ಅನ್ಯಾಯ ಮಾಡಬಾರದು. ಹಗುರ ಕಾರು ಅಂದ ಕೂಡಲೇ ಅಪಾಯಕಾರಿ ಅಂತೇನಿಲ್ಲ. ತೂಕ ಕಡಿಮೆಯಾದರೆ ನಿಲ್ಲಿಸಲು ಬೇಕಾದ ಶಕ್ತಿಯೂ ಕಡಿಮೆ, ಬ್ರೇಕ್‌ಗೆ ಶಾಖವೂ ಕಡಿಮೆ. 1962ರ ಎಲಾನ್ ಇದಕ್ಕೆ ಸಾಕ್ಷಿ. ನಡುವೆ ಬೆನ್ನೆಲುಬಿನಂತಹ ಉಕ್ಕಿನ ಚಾಸಿ, ಮೇಲೆ ಫೈಬರ್ ಗ್ಲಾಸ್ ಮೈ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಹಿಂದಿನ ಎರಡೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್, ಅದಕ್ಕೆ ಆತನದೇ ಹೆಸರು: ಚಾಪ್‌ಮನ್ ಸ್ಟ್ರಟ್. ಅಷ್ಟು ಹಗುರವಾದ್ದರಿಂದ ಸ್ಪ್ರಿಂಗ್ ಮೆತ್ತಗಿಡಬಹುದಿತ್ತು, ಕೆಟ್ಟ ರಸ್ತೆಯಲ್ಲೂ ಚಕ್ರ ನೆಲ ಬಿಡುತ್ತಿರಲಿಲ್ಲ. 1967ರಲ್ಲಿ ನಾಲ್ವರು ಕೂರುವ, ಉದ್ದ ಮತ್ತು ಅಗಲ ಹೆಚ್ಚಿದ ಎಲಾನ್ ಪ್ಲಸ್ 2 ಬಂತು. ದಶಕಗಳ ನಂತರ ಜಪಾನಿನ ಮಜ್ದಾ ಎಂಎಕ್ಸ್-5 ರೂಪಿಸಿದವರು ಎಲಾನ್ ಕಡೆಗೇ ನೋಡಿದರು.

ಹಾಗಾದರೆ ತಕರಾರು ಎಲ್ಲಿ? ಹಗುರತನದಲ್ಲಿ ಅಲ್ಲ, ಮಾರ್ಜಿನ್‌ನಲ್ಲಿ. ಒಂದು ಭಾಗ ಮುರಿಯೋಕೆ ಬೇಕಾದ ಬಲಕ್ಕೂ ಅದರ ಮೇಲೆ ನಿಜಕ್ಕೂ ಬೀಳೋ ಬಲಕ್ಕೂ ನಡುವೆ ಎಷ್ಟು ಅಂತರ ಬಿಡಬೇಕು ಅನ್ನೋದು ಎಂಜಿನಿಯರ್‌ನ ತೀರ್ಮಾನ. ಅಂತರ ಕಡಿಮೆಯಾದಾಗ ಗೆದ್ದರೆ ಹೆಸರು ಕಾರಿನದ್ದು. ಮುರಿದರೆ ಸೀಟಿನಲ್ಲಿ ಇರೋದು ಬೇರೆಯವರು.

1960ರ ಜೂನ್‌ನಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನಲ್ಲಿ, ಒಂದೇ ಅಭ್ಯಾಸದ ವೇಳೆ, ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದ ಲೋಟಸ್ 18ರ ಹಿಂದಿನ ಚಕ್ರ ಕಳಚಿತು, ಮೈಕ್ ಟೇಲರ್ ಓಡಿಸುತ್ತಿದ್ದ ಇನ್ನೊಂದು ಲೋಟಸ್‌ನ ಸ್ಟಿಯರಿಂಗ್ ಮುರಿಯಿತು. ಇಬ್ಬರಿಗೂ ಗಂಭೀರ ಗಾಯ. ಟೇಲರ್ ಕೋರ್ಟಿಗೆ ಹೋಗಿ ಲೋಟಸ್ ವಿರುದ್ಧ ಗೆದ್ದ.

ಕೆಲವೇ ಕಿಲೋಗಳ ಪ್ರಶ್ನೆ

ಗೆಲುವುಗಳೂ ಸಾಲುಸಾಲಾಗಿ ಬಂದವು. ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ಲೋಟಸ್‌ನಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಆದ. ಚಾಪ್‌ಮನ್‌ಗೆ ಆತ ಚಾಲಕನಿಗಿಂತ ಹೆಚ್ಚಾಗಿ ಗೆಳೆಯ. 1968ರ ಏಪ್ರಿಲ್ 7ರಂದು ಕ್ಲಾರ್ಕ್ ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ಲೋಟಸ್ ಕಾರಿನಲ್ಲೇ ಸತ್ತ. ತಿಂಗಳು ಕಳೆಯುವಷ್ಟರಲ್ಲಿ ಮೈಕ್ ಸ್ಪೆನ್ಸ್ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ, ಮತ್ತೊಂದು ಲೋಟಸ್‌ನಲ್ಲಿ. ಅದೇ ವರ್ಷ ತಂಡದ ಕಾರುಗಳು ಸಿಗರೇಟ್ ಕಂಪನಿಯ ಬಣ್ಣ ಬಳಿದುಕೊಂಡವು, ಲೋಟಸ್ ಲಂಡನ್ ಷೇರುಪೇಟೆಗೂ ಕಾಲಿಟ್ಟಿತು. ಸಾವು, ಜಾಹೀರಾತು, ಷೇರು, ಎಲ್ಲಾ ಒಂದೇ ಕ್ಯಾಲೆಂಡರಿನಲ್ಲಿ.

1969ರಲ್ಲಿ ತಂಡಕ್ಕೆ ಬಂದ ಯೊಖೆನ್ ರಿಂಡ್ಟ್ ಬಾರ್ಸಿಲೋನಾದಲ್ಲಿ ಕಾರಿನ ರೆಕ್ಕೆ ಮುರಿದು ಅಪಘಾತಕ್ಕೀಡಾದ. ಗಾಯಗೊಂಡ ಆತ ಚಾಪ್‌ಮನ್‌ಗೆ ಒಂದು ಪತ್ರ ಬರೆದ. ಅದರ ಸಾರ ಸರಳ: ಲೋಟಸ್ ಹೇಗೂ ಎಲ್ಲರಿಗಿಂತ ವೇಗದ ಕಾರು, ಕೆಲವೇ ಕಿಲೋ ತೂಕ ಸೇರಿಸಿ ದುರ್ಬಲ ಭಾಗಗಳನ್ನು ಗಟ್ಟಿ ಮಾಡಿದರೂ ಅದು ಗೆಲ್ಲುತ್ತದೆ. ಒಬ್ಬ ಕೆಲಸಗಾರ ತನ್ನ ಮಾಲೀಕನ ಮುಂದೆ ಇಟ್ಟ ಬೇಡಿಕೆ ಇದು. ಸಂಬಳದ್ದಲ್ಲ, ಜೀವದ್ದು.

1970ರಲ್ಲಿ ಲೋಟಸ್ 72 ಬಂತು. ಬೆಣೆಯಾಕಾರದ ಮೈ, ಬಳ್ಳಿಯ ಹಾಗೆ ತಿರುಚಿಕೊಳ್ಳುವ ಟಾರ್ಷನ್ ಬಾರ್ ಸಸ್ಪೆನ್ಷನ್. ಇಲೆವೆನ್‌ನ ಕಾಲದಿಂದಲೂ ಕಾಡಿದ್ದ ಚಕ್ರದ ತೂಕದ ಸಮಸ್ಯೆಗೆ ಚಾಪ್‌ಮನ್ ತಂಡದ ಹೊಸ ಉತ್ತರವೂ ಅದರಲ್ಲಿತ್ತು: ಮುಂದಿನ ಬ್ರೇಕ್‌ಗಳನ್ನು ಚಕ್ರದಿಂದ ತೆಗೆದು ಕಾರಿನ ಮೈಯೊಳಗೆ ಕೂರಿಸಿದರು. ಚಕ್ರ ಹಗುರವಾಯಿತು, ನೆಲದ ಹಿಡಿತ ಹೆಚ್ಚಿತು. ಆದರೆ ಈಗ ಬ್ರೇಕ್‌ಗೂ ಚಕ್ರಕ್ಕೂ ನಡುವೆ ಒಂದು ಉದ್ದದ ಶಾಫ್ಟ್ ಬೇಕಾಯಿತು. ಕಾರು ನಿಲ್ಲೋದು, ಬಿಡೋದು ಆ ಶಾಫ್ಟ್ ಮೇಲೆ.

ಆ ಬೇಸಿಗೆಯಲ್ಲಿ ರಿಂಡ್ಟ್ ಈ ಕಾರಿನಲ್ಲಿ ಸತತ ನಾಲ್ಕು ರೇಸ್ ಗೆದ್ದ. ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಅಭ್ಯಾಸದ ವೇಳೆ ಬ್ರೇಕ್ ಹಾಕುವಾಗ ಕಾರು ಎಡಕ್ಕೆ ಎಳೆದು ತಡೆಗೋಡೆಗೆ ನುಗ್ಗಿತು. ಬಲ ಮುಂಬದಿಯ ಬ್ರೇಕ್ ಶಾಫ್ಟ್ ಮುರಿದಿತ್ತು. ಸಾವಿಗೆ ಕಾರಣ ಸರಿಯಾಗಿ ಕೂರಿಸದ ತಡೆಗೋಡೆ ಎಂದಿತು ಇಟಲಿಯ ತನಿಖೆ. ಕಾನೂನಿನ ಉತ್ತರ ಅದು. ಶಾಫ್ಟ್ ಗಟ್ಟಿಯಿದ್ದಿದ್ದರೆ ಕಾರು ಆ ಗೋಡೆಯ ಹತ್ತಿರ ಹೋಗುತ್ತಿತ್ತಾ ಅನ್ನೋ ಪ್ರಶ್ನೆಯನ್ನು ಯಾವ ತೀರ್ಪೂ ಅಳಿಸಲ್ಲ. ಉಳಿದ ರೇಸ್‌ಗಳಲ್ಲಿ ಯಾರೂ ಆತನ ಅಂಕ ದಾಟಲಿಲ್ಲ. ಸತ್ತ ಮೇಲೆ ಫಾರ್ಮುಲಾ ಒನ್ ಚಾಂಪಿಯನ್ ಆದವನು ಇವತ್ತಿಗೂ ರಿಂಡ್ಟ್ ಒಬ್ಬನೇ.

ಸಾರ್ವಜನಿಕರ ದುಡ್ಡಿನ ಬ್ರೇಕ್

1978ರಲ್ಲಿ ಮಾರಿಯೊ ಆಂಡ್ರೆಟ್ಟಿ ಲೋಟಸ್ 79ರಲ್ಲಿ ಚಾಂಪಿಯನ್ ಆದ. ಕಾರಿನ ಕೆಳಗೆ ಹರಿಯುವ ಗಾಳಿಯಿಂದಲೇ ಕಾರನ್ನು ನೆಲಕ್ಕೆ ಒತ್ತುವ ತಂತ್ರ ಅದರದ್ದು. ಅದೇ ವರ್ಷ ಚಾಪ್‌ಮನ್‌ನ ಕೊನೆಯ ದೊಡ್ಡ ವ್ಯವಹಾರವೂ ಕುದುರಿತು. ಅಮೆರಿಕದ ಉದ್ಯಮಿ ಜಾನ್ ಡಿಲೋರಿಯನ್‌ನ ಹೊಸ ಕಾರನ್ನು ಉತ್ಪಾದನೆಗೆ ಸಜ್ಜು ಮಾಡೋ ಹೊಣೆ ಲೋಟಸ್‌ನದ್ದು. ಎಲಾನ್‌ನಿಂದ ಎಸ್ಪ್ರಿಗೆ ಬಂದಿದ್ದ ಬೆನ್ನೆಲುಬಿನ ಚಾಸಿಯೇ ಅದಕ್ಕೂ ಮಾದರಿ. ಕಾರ್ಖಾನೆ ಕಟ್ಟಿದ್ದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಪಕ್ಕದ ಡನ್‌ಮರ್ರಿಯಲ್ಲಿ. ಹಿಂಸೆ ಮತ್ತು ನಿರುದ್ಯೋಗದಲ್ಲಿ ಬೆಂದಿದ್ದ ಆ ಜಾಗಕ್ಕೆ ಕೆಲಸ ತರುವ ಆಸೆಯಿಂದ ಬ್ರಿಟಿಷ್ ಸರ್ಕಾರ 7 ಕೋಟಿ ಪೌಂಡ್‌ಗೂ ಹೆಚ್ಚು ಸಾರ್ವಜನಿಕ ಹಣ ಸುರಿಯಿತು. ಕ್ಯಾಥೊಲಿಕರು, ಪ್ರಾಟೆಸ್ಟೆಂಟರು ಒಂದೇ ಸೂರಿನಡಿ ದುಡಿದರು.

ಲೋಟಸ್‌ನ ಕೆಲಸಕ್ಕೆಂದು ಕೊಟ್ಟ ಹಣದಲ್ಲಿ ಸುಮಾರು 1.76 ಕೋಟಿ ಡಾಲರ್ ಜಿಪಿಡಿ ಎಂಬ ಪನಾಮಾ ನೋಂದಣಿಯ, ಜಿನೀವಾ ವಿಳಾಸದ ಕಂಪನಿಯ ಮೂಲಕ ಹಾದು ಮಾಯವಾಯಿತು. 1982ರ ಫೆಬ್ರವರಿಯಲ್ಲಿ ಡಿಲೋರಿಯನ್ ಕಂಪನಿ ರಿಸೀವರ್ ಕೈಗೆ ಹೋಯಿತು, ಕೆಲಸಗಾರರು ಬೀದಿಗೆ ಬಂದರು. ಆ ವರ್ಷದ ಡಿಸೆಂಬರ್ 16ರಂದು ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ಬರೀ 54. ಹತ್ತು ವರ್ಷದ ನಂತರ, 1992ರಲ್ಲಿ, ಲೋಟಸ್‌ನ ಹಣಕಾಸು ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಶೆಲ್‌ಗೆ ಈ ವಂಚನೆಯಲ್ಲಿ 3 ವರ್ಷ ಜೈಲಾಯಿತು. ಚಾಪ್‌ಮನ್ ಬದುಕಿದ್ದಿದ್ದರೆ ಕನಿಷ್ಠ 10 ವರ್ಷ ಒಳಗಿರಬೇಕಾಗಿತ್ತು ಎಂಬರ್ಥದ ಮಾತು ನ್ಯಾಯಾಧೀಶರಿಂದ ಬಂತು. ಸತ್ತವನ ಮೇಲೆ ವಿಚಾರಣೆ ನಡೆಯಲಿಲ್ಲ, ಹಾಗಾಗಿ ಕಾನೂನಿನ ಕಣ್ಣಲ್ಲಿ ಆತ ಅಪರಾಧಿಯಲ್ಲ. ಬೆಲ್‌ಫಾಸ್ಟಿನ ಕೆಲಸಗಾರರಿಗೆ ಈ ಸೂಕ್ಷ್ಮದಿಂದ ಏನೂ ಸಿಗಲಿಲ್ಲ.

ಯಾರ ಮಾರ್ಜಿನ್?

ಆತ ಪುಕ್ಕಲನಾಗಿರಲಿಲ್ಲ. ತಾನೂ ರೇಸ್ ಓಡಿಸಿದ, ತನ್ನ ವಿಮಾನ ತಾನೇ ಹಾರಿಸಿದ. ಕಂಪ್ಯೂಟರ್ ನಿಯಂತ್ರಿಸುವ ಆಕ್ಟಿವ್ ಸಸ್ಪೆನ್ಷನ್‌ಗೆ ಲೋಟಸ್‌ನಲ್ಲಿ ಅಡಿಪಾಯ ಬಿದ್ದದ್ದು ಆತನ ಕಾಲದಲ್ಲೇ. 1987ರಲ್ಲಿ ಆಯರ್ಟನ್ ಸೆನ್ನಾ ಅದರೊಂದಿಗೆ ಮೊನಾಕೊ ಗೆದ್ದ. ಇದೆಲ್ಲಾ ನಿಜ. ಆದರೆ ತನ್ನ ಜೀವವನ್ನು ತಾನೇ ಪಣಕ್ಕಿಡೋದು ಬೇರೆ, ಇನ್ನೊಬ್ಬರ ಜೀವದ ಮಾರ್ಜಿನ್ ತಾನು ನಿರ್ಧರಿಸೋದು ಬೇರೆ.

ವೆಚ್ಚ ಕಡಿತ, ನಿಯಮ ಸಡಿಲಿಕೆ, ಹಗುರ ಆಡಳಿತ ಅನ್ನೋ ಮಾತು ಕೇಳಿದಾಗೆಲ್ಲ ಲೋಟಸ್ ಇಲೆವೆನ್‌ನ ಆ ಮೂರು ವೇರಿಯೆಂಟ್‌ಗಳನ್ನು ನೆನಪಿಸಿಕೊಳ್ಳಿ. ಮೈ ಒಂದೇ, ಹೆಸರು ಒಂದೇ, ಭಾಷಣ ಒಂದೇ. ಕೆಳಗೆ ಬಗ್ಗಿ ನೋಡಿದರೆ ಕೆಲವರಿಗೆ ಡಿಸ್ಕ್, ಉಳಿದವರಿಗೆ ಡ್ರಮ್. ರಿಂಡ್ಟ್ ಕೇಳಿದ್ದು ಕೆಲವೇ ಕಿಲೋ. ಅಷ್ಟು ಕೊಡೋಕೂ ಆಗದ ವೇಗ ಯಾರಿಗಾಗಿ ಅನ್ನೋದನ್ನ ಕೇಳಲೇಬೇಕು.